ನಳ ಇದೆ ಸರಿ, ನೀರಿನ ತ್ರಾಸು ಅಳೆಯೋದು ಹೇಗೆ? ನಾಲ್ಕು ಪ್ರಶ್ನೆ, ಹನ್ನೆರಡು ಪ್ರಶ್ನೆ, ಕೊಡದ ಲೆಕ್ಕ

ಈ ವರ್ಷ ಮೂರು ಜನ ನನ್ನ ಹತ್ತಿರ ಹೆಚ್ಚು ಕಡಿಮೆ ಒಂದೇ ಮಾತು ಕೇಳಿಕೊಂಡು ಬಂದರು. ಮೊದಲು ಬೆಟಗೇರಿಯ ಒಂದು ಮಹಿಳಾ ಸಂಘದವರು. ತಮ್ಮ ಓಣಿಯಲ್ಲಿ ನೀರಿನ ತ್ರಾಸು ಎಷ್ಟಿದೆ ಅಂತ ಕಾಗದದ ಮೇಲೆ ತೋರಿಸಬೇಕು ಅಂದರು. ಆಮೇಲೆ ಧಾರವಾಡದಲ್ಲಿ ಎಂಎಸ್‌ಡಬ್ಲ್ಯೂ ಓದುತ್ತಿರುವ ಒಬ್ಬ ಹುಡುಗಿ. ಫೀಲ್ಡ್‌ವರ್ಕಿಗೆ ಇನ್ನೂರು ಮನೆ ತಿರುಗಬೇಕಿತ್ತು. ಕೊನೆಗೆ ಹಾವೇರಿ ಜಿಲ್ಲೆಯ ಒಬ್ಬ ಪಂಚಾಯಿತಿ ಸದಸ್ಯರು. ಬೇಸಿಗೆಯಲ್ಲಿ ಟ್ಯಾಂಕರ್ ಮೊದಲು ಯಾವ ಕೇರಿಗೆ ಕಳಿಸಬೇಕು ಅನ್ನೋದು ಅವರ ಚಿಂತೆ. ಮೂವರೂ ಕೇಳಿದ್ದು ಇಷ್ಟೇ: "ಸಣ್ಣದಾಗಿ, ಸರಳವಾಗಿ, ನೀರಿನ ಬಗ್ಗೆ ಏನ್ ಕೇಳಬೇಕು ಹೇಳ್ರಿ."

ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಯಾಕಂದರೆ ಯಾವ ಪ್ರಶ್ನೆ ಒಳ್ಳೆಯದು ಅನ್ನೋದು ಉತ್ತರ ಸಿಕ್ಕ ಮೇಲೆ ನೀವು ಏನು ಮಾಡುತ್ತೀರಿ ಅನ್ನೋದರ ಮೇಲೆ ನಿಂತಿದೆ. ಮನೆ ಮನೆ ತಿರುಗಿ ಸರ್ವೆ ಮಾಡುವ, ಮಾಡಿಸುವ ಕೆಲಸದಲ್ಲಿ ಸಾಕಷ್ಟು ವರ್ಷ ಕಳೆದಿದ್ದೇನೆ, ತಪ್ಪು ಪ್ರಶ್ನೆ ಹಿಡಿದುಕೊಂಡು ಊರೆಲ್ಲ ಸುತ್ತಿದ್ದೂ ಇದೆ. ಹಾಗಾಗಿ ಇರುವ ದಾರಿಗಳನ್ನು ಒಂದೊಂದಾಗಿ ಪಕ್ಕಪಕ್ಕ ಇಟ್ಟು ಹೇಳುತ್ತೇನೆ.

"ನಿಮಗೆ ನೀರು ಎಲ್ಲಿಂದ ಬರುತ್ತದೆ?"

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. 2011ರ ಜನಗಣತಿಯಲ್ಲಿ ಇದೇ ಇತ್ತು: ನೀರಿನ ಮೂಲ ಯಾವುದು, ಮನೆಯ ಆವರಣದಲ್ಲೇ ಇದೆಯಾ, ಹತ್ತಿರ ಇದೆಯಾ, ದೂರವಾ. ನಗರದಲ್ಲಿ 100 ಮೀಟರ್ ಒಳಗಿದ್ದರೆ, ಹಳ್ಳಿಯಲ್ಲಿ 500 ಮೀಟರ್ ಒಳಗಿದ್ದರೆ ಹತ್ತಿರ ಅಂತ ಲೆಕ್ಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಮೂಲ ಮತ್ತು ನೀರು ತರಲು ಹಿಡಿಯುವ ಸಮಯ ಕೇಳಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಎಲ್ಲ ದೇಶಗಳ ನೀರಿನ ಲೆಕ್ಕ ಇಡುತ್ತಾರಲ್ವಾ, ಅವರದ್ದೂ ಬುಡದಲ್ಲಿ ಇದೇ ಪ್ರಶ್ನೆ. ಹೋಗಿ, ಸರದಿಯಲ್ಲಿ ನಿಂತು, ತುಂಬಿಕೊಂಡು ಬರಲು 30 ನಿಮಿಷದೊಳಗೆ ಆದರೆ ಒಂದು ಮೆಟ್ಟಿಲು, ಅದಕ್ಕಿಂತ ಜಾಸ್ತಿ ಆದರೆ ಅದರ ಕೆಳಗಿನ ಮೆಟ್ಟಿಲು.

ಈ ಪ್ರಶ್ನೆಗೆ ಬೆಲೆ ಇಲ್ಲ ಅಂತ ನಾನು ಹೇಳುವುದಿಲ್ಲ. ಒಂದು ನಿಮಿಷದಲ್ಲಿ ಮುಗಿಯುತ್ತದೆ, ಹಳೇ ಅಂಕಿಗಳ ಜೊತೆ ಹೋಲಿಸಬಹುದು. ಆದರೆ ನಮ್ಮ ಊರುಗಳಲ್ಲಿ ಇದು ಒಂದು ಕಡೆ ಪೂರ್ತಿ ಕುರುಡಾಗುತ್ತದೆ. ಹುಬ್ಬಳ್ಳಿ-ಧಾರವಾಡವನ್ನೇ ತಗೊಳ್ಳಿ. ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಅವಳಿ ನಗರಕ್ಕೆ ಬರುತ್ತದೆ. ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಕೆಲವು ವಾರ್ಡುಗಳಿಗೆ ಮೊದಲೇ ದಿನದ 24 ತಾಸೂ ನೀರು ಕೊಟ್ಟರು, ಉಳಿದ ಓಣಿಗಳು ಕೆಲವು ದಿನಕ್ಕೊಮ್ಮೆ ಬರುವ ನೀರಿಗೆ ಕಾದು ಕೂತವು. ಎರಡೂ ಕಡೆ ಹೋಗಿ "ನೀರಿನ ಮೂಲ?" ಅಂತ ಕೇಳಿ ನೋಡಿ. ಇಲ್ಲೂ "ಮನ್ಯಾಗ ನಳ", ಅಲ್ಲೂ "ಮನ್ಯಾಗ ನಳ". ಒಂದೇ ಖಾನೆಗೆ ಟಿಕ್ ಬೀಳುತ್ತದೆ.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಇದೇ ಅವಳಿ ನಗರದ ಎರಡೂ ಕಡೆಯ ನಳದ ನೀರನ್ನು ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದರು. ಸದಾ ನೀರು ಬರುವ ಕಡೆ 0.7% ಮಾದರಿಗಳಲ್ಲಿ ಇ. ಕೋಲಿ, ಅಂದರೆ ನೀರಿಗೆ ಮಲ ಸೇರಿದೆ ಅಂತ ತೋರಿಸುವ ಬ್ಯಾಕ್ಟೀರಿಯಾ, ಸಿಕ್ಕಿತು. ಬಿಟ್ಟು ಬಿಟ್ಟು ಬರುವ ಕಡೆ 31.7%. ಕಾಗದದ ಮೇಲೆ ಇಬ್ಬರೂ ಒಂದೇ ಅಂತ ಬರೆದುಕೊಂಡ ಮನೆಗಳು ಇವು!

ಹಾಗಾಗಿ ಮೂಲದ ಪ್ರಶ್ನೆ ಬಿಡಬೇಡಿ, ಆದರೆ ಅದೊಂದನ್ನೇ ನಂಬಿಕೊಂಡು ಕೂರಬೇಡಿ. ಅದರ ಬಾಲಕ್ಕೆ ಇನ್ನೊಂದು ಕಟ್ಟಿ: "ಹೋದ ಸಲ ನೀರು ಬಂದಿದ್ದು ಯಾವತ್ತು, ಎಷ್ಟು ತಾಸು ಇತ್ತು?" ಇಷ್ಟು ಸೇರಿಸಿದರೂ ಅರ್ಧ ಕಣ್ಣು ತೆರೆದ ಹಾಗೆ.

ಕೊಡ ಎಣಿಸುವುದು

ಎರಡನೇ ದಾರಿ ಲೀಟರ್ ಲೆಕ್ಕ. ನೋಡಲು ಇದರಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ ಅನಿಸುತ್ತದೆ. ಹಳ್ಳಿಗೆ ಜಲಜೀವನ್ ಮಿಷನ್ ಹಾಕಿಕೊಂಡ ಗುರಿ ಒಬ್ಬರಿಗೆ ದಿನಕ್ಕೆ 55 ಲೀಟರ್, ನಗರಕ್ಕೆ ಬಳಸುವ ಮಾನದಂಡ 135 ಲೀಟರ್. ಇದನ್ನು ಹಿಡಿದುಕೊಂಡು ನಮ್ಮ ಕಡೆಯ ಮನೆಯೊಳಗೆ ಹೋಗಿ ಒಂದು ಸಣ್ಣ ಗುಣಾಕಾರ ಮಾಡಿ. ಐದು ಜನರ ಮನೆ, ಎಂಟು ದಿನಕ್ಕೊಮ್ಮೆ ನೀರು. ಹಳ್ಳಿಯ 55 ಲೀಟರ್ ಲೆಕ್ಕವನ್ನೇ ಹಿಡಿದರೂ ದಿನಕ್ಕೆ 275, ಎಂಟು ದಿನಕ್ಕೆ 2,200 ಲೀಟರ್. ಅಂದರೆ 200 ಲೀಟರಿನ ಹನ್ನೊಂದು ಬ್ಯಾರೆಲ್. ಎರಡು ಖೋಲಿಯ ಬಾಡಿಗೆ ಮನೆಯಲ್ಲಿ ಹನ್ನೊಂದು ಬ್ಯಾರೆಲ್ ಎಲ್ಲಿ ಇಡುತ್ತಾರೆ ಹೇಳಿ. ನೆಲದಡಿ ಸಂಪು, ಮೇಲೆ ಟಾಕಿ ಇರುವ ಮನೆಗೆ ಎಂಟು ದಿನ ಗೊತ್ತೇ ಆಗುವುದಿಲ್ಲ. ಪಕ್ಕದ ಮನೆಯಲ್ಲಿ ಎರಡು ಬ್ಯಾರೆಲ್, ಒಂದು ಹಂಡೆ, ಎಂಟು ಕೊಡ, ಅಷ್ಟೇ. ಮೂರನೇ ದಿನದಿಂದ ಅವರು ಮುಖ ತೊಳೆದ ನೀರನ್ನು ಬಕೆಟ್‌ನಲ್ಲಿ ಹಿಡಿದು ಸಂಡಾಸಿಗೆ ಒಯ್ಯುತ್ತಾರೆ. ಇಬ್ಬರಿಗೂ ಒಂದೇ ಪೈಪು, ಒಂದೇ ವಾಲ್ವು.

ಲೀಟರ್ ಲೆಕ್ಕದ ಶಕ್ತಿ ಇದೇ. ಸಂಗ್ರಹ ಎಷ್ಟಿದೆ ಅಂತ ಎಣಿಸಿದರೆ ಯಾರೂ ಸುಳ್ಳು ಹೇಳಲು ಬರುವುದಿಲ್ಲ, ಕಣ್ಣೆದುರಿಗೆ ಇರುತ್ತದೆ.

ಆದರೆ "ದಿನಕ್ಕೆ ಎಷ್ಟು ನೀರು ಬಳಸ್ತೀರಿ?" ಅಂತ ಕೇಳಿದರೆ ಬರುವ ಉತ್ತರವನ್ನು ನಾನು ನಂಬುವುದು ಬಿಟ್ಟು ಬಹಳ ದಿನವಾಯಿತು. ತುಂಬಿಸಿದ್ದೆಲ್ಲ ಬಳಸಿದ್ದಲ್ಲ. ಹೊಸ ನೀರು ಬಂತು ಅಂದರೆ ಕೊಡದಲ್ಲಿ ಉಳಿದ ಹಳೇ ನೀರು ಅಂಗಳಕ್ಕೆ ಹೋಗುತ್ತದೆ, ಅದು ನಮ್ಮ ಮನೆಗಳ ಪದ್ಧತಿ. ಬಟ್ಟೆ ಒಗೆಯುವುದು ನೀರು ಬಂದ ದಿನ, ಉಳಿದ ದಿನ ಇಲ್ಲ. ಹಾಗಾಗಿ ದಿನದ ಸರಾಸರಿ ಅನ್ನೋದೇ ಇರುವುದಿಲ್ಲ. ನವಲಗುಂದ, ಅಣ್ಣಿಗೇರಿ ಕಡೆ ಇನ್ನೊಂದು ತೊಡಕು. ಆ ಕರಿ ನೆಲದಲ್ಲಿ ಬೋರಿನ ನೀರು ಸವಳು, ಕುಡಿಯಲು ಕಾಲುವೆಯಿಂದ ತುಂಬಿಸಿದ ಕೆರೆಯ ನೀರು ಬೇಕು. ಸವಳು ನೀರು ಸಾಕಷ್ಟಿದ್ದು ಸಿಹಿ ನೀರಿಗೆ ಮಾತ್ರ ಪರದಾಟ ಇರುವ ಮನೆಯನ್ನು ಒಟ್ಟು ಲೀಟರಿನಲ್ಲಿ ಅಳೆದರೆ ಆ ಮನೆ ಸುಖವಾಗಿದೆ ಅಂತ ಬರುತ್ತದೆ. ಎಣಿಸುವುದೇ ಆದರೆ ಎರಡೂ ನೀರನ್ನು ಬೇರೆ ಬೇರೆ ಎಣಿಸಿ. ಆ ಮನೆಯ ಕೊಡ ಎಷ್ಟು ಲೀಟರಿನದು ಅಂತಲೂ ಒಮ್ಮೆ ಅಳೆದುಕೊಳ್ಳಿ, ಎಲ್ಲ ಕೊಡವೂ ಒಂದೇ ಅಳತೆ ಇರುವುದಿಲ್ಲ.

ಅನುಭವ ಕೇಳುವ ಹನ್ನೆರಡು ಪ್ರಶ್ನೆ

ಮೂರನೇ ದಾರಿ ಹೊಸದು. ನೀರು ಎಲ್ಲಿಂದ, ಎಷ್ಟು ಅಂತ ಕೇಳುವ ಬದಲು, ನೀರಿನ ತ್ರಾಸಿನಿಂದ ಮನೆಯಲ್ಲಿ ಏನೇನಾಯಿತು ಅಂತ ಕೇಳುವುದು. ಹಸಿವಿನ ವಿಷಯದಲ್ಲಿ ಇದು ಮೊದಲೇ ಬಂದಿತ್ತು, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒದ 8 ಪ್ರಶ್ನೆಗಳ ಪಟ್ಟಿ ಹಾಗೆ ಕೆಲಸ ಮಾಡುತ್ತದೆ. ನೀರಿಗೆ ಅಂಥದ್ದು ಬೇಕು ಅಂತ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸೆರಾ ಯಂಗ್ ಮತ್ತು ಹಲವು ದೇಶಗಳ ಸಂಶೋಧಕರು ಸೇರಿ 23 ದೇಶಗಳ 28 ಕಡೆ ಪ್ರಶ್ನೆಗಳನ್ನು ಕೇಳಿ ನೋಡಿ, 2019ರಲ್ಲಿ ಹನ್ನೆರಡು ಪ್ರಶ್ನೆಗಳ ಅಳತೆಗೋಲು ಹೊರತಂದರು. ಅದನ್ನು ಚಿಕ್ಕದಾಗಿ ಎಚ್‌ವೈಸ್ ಅನ್ನುತ್ತಾರೆ.

ಹೋದ ನಾಲ್ಕು ವಾರದಲ್ಲಿ ನೀರು ಸಾಲದು ಅಂತ ಚಿಂತೆ ಆಗಿತ್ತಾ, ಬರಬೇಕಾದ ನೀರು ನಿಂತಿತ್ತಾ, ಬಟ್ಟೆ ಒಗೆಯಲು ಆಗಲಿಲ್ಲವಾ, ಮಾಡಬೇಕಿದ್ದ ಕೆಲಸ ಬದಲಾಯಿಸಬೇಕಾಯಿತಾ, ಅಡುಗೆ ಬೇರೆ ಮಾಡಬೇಕಾಯಿತಾ, ಕೈ ತೊಳೆಯದೆ ಬಿಟ್ಟರಾ, ಸ್ನಾನ ಬಿಟ್ಟರಾ, ಕುಡಿಯಲು ಬೇಕಾದಷ್ಟು ಸಿಗಲಿಲ್ಲವಾ, ನೀರಿನ ವಿಷಯಕ್ಕೆ ಸಿಟ್ಟು ಬಂತಾ, ಬಾಯಾರಿ ಮಲಗಿದರಾ, ಮನೆಯಲ್ಲಿ ಹನಿ ನೀರೂ ಇಲ್ಲದ ಹೊತ್ತು ಬಂತಾ, ನೀರಿನಿಂದಾಗಿ ನಾಚಿಕೆಪಡುವ ಹಾಗಾಯಿತಾ. ಹನ್ನೆರಡೂ ಇಷ್ಟೇ. ಇಲ್ಲವೇ ಇಲ್ಲ ಅಂದರೆ 0, ಒಂದೆರಡು ಸಲ ಅಂದರೆ 1, ಮೂರರಿಂದ ಹತ್ತು ಸಲ ಅಂದರೆ 2, ಹನ್ನೊಂದು ಅಥವಾ ಅದಕ್ಕಿಂತ ಜಾಸ್ತಿ ಅಂದರೆ 3. ಕೂಡಿಸಿದರೆ 0ಯಿಂದ 36. 12 ಅಥವಾ ಮೇಲೆ ಬಂದರೆ ಆ ಮನೆಗೆ ನೀರಿನ ಭದ್ರತೆ ಇಲ್ಲ ಅಂತ ಲೆಕ್ಕ.

ನನಗೆ ಈ ಹನ್ನೆರಡರ ಮೇಲೆ ಪ್ರೀತಿ ಇದೆ. ಯಾಕಂದರೆ ಸಿಟ್ಟು, ನಾಚಿಕೆ ಅನ್ನುವ ಮಾತುಗಳನ್ನು ನೀರಿನ ಫಾರ್ಮಿನಲ್ಲಿ ನಾನು ಅದಕ್ಕೂ ಮೊದಲು ನೋಡಿರಲೇ ಇಲ್ಲ. ಮನೆಗೆ ಬಂದವರಿಗೆ ಮೊದಲು ತಂಬಿಗೆಯಲ್ಲಿ ನೀರು ಕೊಡುವ ನಾಡು ನಮ್ಮದು. ಆ ತಂಬಿಗೆ ಅರ್ಧ ತುಂಬಿಸಿ ಕೊಡಬೇಕಾದಾಗ ಆಗುವ ಸಂಕಟ ಯಾವ ಲೀಟರ್ ಲೆಕ್ಕದಲ್ಲಿ ಸಿಗುತ್ತದೆ?

ಸಮಯ ಎಷ್ಟು ಬೇಕು? ಸುಮ್ನೆ ಓದಿ ಟಿಕ್ ಹಾಕಿದರೆ ಮೂರ್ನಾಲ್ಕು ನಿಮಿಷ. ನಮ್ಮ ಓಣಿಗಳಲ್ಲಿ ಹತ್ತು ನಿಮಿಷ ಇಟ್ಟುಕೊಳ್ಳಿ. ಸಿಟ್ಟಿನ ಪ್ರಶ್ನೆ ಬಂದ ಕೂಡಲೇ ಜನ ಮಾತಾಡಲು ಶುರು ಮಾಡುತ್ತಾರೆ, ಅವರನ್ನು ತಡೆಯಬೇಡಿ.

ಅದರದ್ದೇ ನಾಲ್ಕು ಪ್ರಶ್ನೆ

ಹನ್ನೆರಡಕ್ಕೂ ಜಾಗ ಇಲ್ಲದವರಿಗೆ 2021ರಲ್ಲಿ ನಾಲ್ಕು ಪ್ರಶ್ನೆಗಳ ರೂಪ ಬಂತು. ಚಿಂತೆ, ಬದಲಾದ ಕೆಲಸ, ಕೈ ತೊಳೆಯುವುದು, ಕುಡಿಯುವುದು. ಅಂಕ ಅದೇ ರೀತಿ, 0ಯಿಂದ 12. 4 ಅಥವಾ ಮೇಲೆ ಬಂದರೆ ಭದ್ರತೆ ಇಲ್ಲ. ಪೂರ್ತಿ ಹನ್ನೆರಡು ಕೇಳಿ ಬಂದ ಚಿತ್ರಕ್ಕೆ ಇದು ಬಹಳ ಹತ್ತಿರ ಬರುತ್ತದೆ, ಅದನ್ನು ಪರೀಕ್ಷಿಸಿಯೇ ಹೊರತಂದಿದ್ದಾರೆ. ಆರೋಗ್ಯ, ಶಾಲೆ, ಪಡಿತರ ಅಂತ ಬೇರೆ ಏನೋ ಸರ್ವೆ ನಡೆಯುತ್ತಿದ್ದರೆ ಅದರ ನಡುವೆ ಈ ನಾಲ್ಕನ್ನು ಸೇರಿಸಬಹುದು.

ಹಾಗಾದರೆ ಹನ್ನೆರಡು ಯಾಕೆ ಬೇಕು, ನಾಲ್ಕೇ ಸಾಕಲ್ವಾ ಅಂತ ಧಾರವಾಡದ ಹುಡುಗಿ ಕೇಳಿದಳು. ಎಷ್ಟು ಮನೆಗೆ ತ್ರಾಸಿದೆ ಅನ್ನೋ ಒಂದು ಅಂಕಿ ಬೇಕಿದ್ದರೆ ನಾಲ್ಕು ಸಾಕು. ತ್ರಾಸು ಯಾವ ಥರದ್ದು ಅಂತ ಬೇಕಿದ್ದರೆ ಸಾಲದು. ಇಪ್ಪತ್ತು ಮನೆಯಲ್ಲಿ ಬಟ್ಟೆ ಒಗೆಯುವುದು ನಿಂತಿದೆ ಆದರೆ ಕುಡಿಯಲು ಕೊರತೆ ಇಲ್ಲ, ಇನ್ನಿಪ್ಪತ್ತು ಮನೆಯಲ್ಲಿ ಬಾಯಾರಿ ಮಲಗುತ್ತಾರೆ ಅಂತ ಇಟ್ಟುಕೊಳ್ಳಿ, ಮೊದಲಿನವರಿಗೆ ಬೋರಿನ ನೀರು ಬಿಟ್ಟರೂ ನಡೆಯುತ್ತದೆ, ಎರಡನೆಯವರಿಗೆ ಕುಡಿಯುವ ನೀರೇ ಬೇಕು, ಅದೂ ಇವತ್ತೇ. ಒಟ್ಟು ಅಂಕದಲ್ಲಿ ಈ ಫರಕು ಮುಚ್ಚಿಹೋಗುತ್ತದೆ. ಇನ್ನೊಂದು ಮಾತು. ನಾಲ್ಕೇ ಪ್ರಶ್ನೆ ಇದ್ದಾಗ ಒಂದು ಟಿಕ್ ತಪ್ಪಿದರೂ ಮನೆ ಆಚೆಯಿಂದ ಈಚೆಗೆ ಬರುತ್ತದೆ. ಚಿಂತೆಗೆ 2, ಕೆಲಸ ಬದಲಾಗಿದ್ದಕ್ಕೆ 1, ಉಳಿದೆರಡಕ್ಕೆ 0. ಒಟ್ಟು 3, ಭದ್ರ ಮನೆ. ಚಿಂತೆಗೆ 3 ಬರೆದುಕೊಂಡರೆ ಒಟ್ಟು 4, ಅಭದ್ರ ಮನೆ. ನೂರಾರು ಮನೆಯ ಸರಾಸರಿಯಲ್ಲಿ ಇಂಥ ಏರುಪೇರು ನುಂಗಿಹೋಗುತ್ತದೆ, ಒಂದೇ ಮನೆಯ ಹಣೆಬರಹ ಬರೆಯಲು ಇದನ್ನು ಬಳಸಿದರೆ ಅನ್ಯಾಯವಾಗುತ್ತದೆ.

ಪುಸ್ತಕದ ಕನ್ನಡದಲ್ಲಿ ಕೇಳಿದರೆ ಎಲ್ಲವೂ ಹಾಳು

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಎಷ್ಟು ಪ್ರಶ್ನೆ ಅನ್ನೋದಕ್ಕಿಂತ ಪ್ರಶ್ನೆಯ ಮಾತು ದೊಡ್ಡದು ಅಂತ ನನಗೆ ಕೆಲಸ ಮಾಡುತ್ತಾ ಗೊತ್ತಾಯಿತು.

ಒಮ್ಮೆ ನಮ್ಮ ಕೈಗೆ ಬಂದ ಫಾರ್ಮಿನಲ್ಲಿ "ನೀರಿನ ಸಮಸ್ಯೆಯಿಂದ ನಿಮ್ಮ ಯೋಜನೆಗಳನ್ನು ಬದಲಾಯಿಸಬೇಕಾಯಿತೇ?" ಅಂತ ಇತ್ತು. ಓಣಿಯಲ್ಲಿ ಕೇಳಿದರೆ ಎಲ್ಲರೂ "ಯಾವ ಯೋಜನಾ ಬಂದೈತ್ರಿ?" ಅಂತ ತಿರುಗಿ ಕೇಳಿದರು. ಯೋಜನೆ ಅಂದರೆ ಜನರ ಕಿವಿಗೆ ಸರಕಾರದ್ದು, ಮನೆಯದ್ದಲ್ಲ. ಆಮೇಲೆ ನಾವು ಅದನ್ನು "ಮಾಡಬೇಕಂತಿದ್ದ ಕೆಲಸ ನೀರಿನ ಸಲುವಾಗಿ ಬಿಟ್ಟಿದ್ದು, ಮುಂದ ಹಾಕಿದ್ದು ಐತೇನ್ರಿ?" ಅಂತ ಮಾಡಿಕೊಂಡೆವು.

ಅಷ್ಟಕ್ಕೂ ಸಾಲಲಿಲ್ಲ. ಬೆಟಗೇರಿಯಲ್ಲಿ ಮಗ್ಗದ ಮನೆಯ ಒಬ್ಬ ವಯಸ್ಸಾದ ಅವ್ವನನ್ನು ಇದೇ ಮಾತಿನಲ್ಲಿ ಕೇಳಿದೆ. "ಇಲ್ಲಪ್ಪ, ಹಂಗೇನಿಲ್ಲ" ಅಂದಳು. 0 ಬರೆದೆ. ಎದ್ದು ಹೊರಡುವಾಗ ಆಕೆಯ ಸೊಸೆ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು, "ಬುಧವಾರ ಬ್ಯಾಡ ಅಕ್ಕಾ, ಶುಕ್ರವಾರ ಬರ್ರಿ, ಅಷ್ಟೊತ್ತಿಗೆ ನೀರು ಬಂದಿರ್ತದ." ಬೀಗರು ಬರುವ ದಿನವನ್ನೇ ನೀರು ಬರುವ ದಿನಕ್ಕೆ ಜೋಡಿಸಿದ್ದಾರೆ! ನಾನು ಮತ್ತೆ ಕೂತೆ. "ಅವ್ವಾ, ಹಿಂಗ ಬರೋರಿಗೆ ಮುಂದಿನ ದಿನ ಹೇಳೋದು ಎಷ್ಟು ಸಲ ಆಗ್ತದ?" ಅಂದರೆ, "ಅದಾ? ಅದು ಯಾವಾಗ್ಲೂ ಇದ್ದದ್ದ ಬಿಡಪ್ಪ" ಅಂದಳು. ವರ್ಷಗಟ್ಟಲೆ ಹೀಗೇ ಬದುಕಿದವರಿಗೆ ಇದು ತ್ರಾಸು ಅಂತ ಅನಿಸುವುದೇ ನಿಂತಿರುತ್ತದೆ. ಆದ್ದರಿಂದ ಈ ಪ್ರಶ್ನೆಗೆ ಎರಡು ಉದಾಹರಣೆ ಸೇರಿಸಿ ಹೇಳಿ: ಬೀಗರಿಗೆ ಬರಬೇಡಿ ಅಂದಿದ್ದು, ಕೂಲಿಗೆ ಹೋಗದೆ ನೀರಿಗಾಗಿ ಮನೆಯಲ್ಲಿ ಉಳಿದಿದ್ದು. ಎಲ್ಲ ಮನೆಯಲ್ಲೂ ಅದೇ ಎರಡು ಉದಾಹರಣೆ ಹೇಳಬೇಕು, ಒಂದು ಮನೆಗೊಂದು ಥರ ಅಲ್ಲ.

ಕೈ ತೊಳೆಯುವ ಪ್ರಶ್ನೆ ಇನ್ನೂ ಸೂಕ್ಷ್ಮ. ನೇರವಾಗಿ ಕೇಳಿದರೆ ನಮ್ಮನ್ನು ಹೊಲಸು ಜನ ಅಂತೀರಾ ಅನ್ನೋ ಹಾಗೆ ನೋಡುತ್ತಾರೆ, ಎಲ್ಲರೂ "ತೊಳಿತೀವಿ" ಅನ್ನುತ್ತಾರೆ. ಮೂಲ ಪ್ರಶ್ನೆಯಲ್ಲಿ ಸಂಡಾಸಿಗೆ ಹೋಗಿ ಬಂದ ಮೇಲೆ, ಕೂಸಿನ ಬಟ್ಟೆ ಬದಲಿಸಿದ ಮೇಲೆ, ಸಗಣಿ ಬಳಿದ ಮೇಲೆ ಅಂತ ಬಿಡಿಸಿ ಹೇಳಿದ್ದಾರೆ. ಹಾಗೆ ಬಿಡಿಸಿಯೇ ಕೇಳಿ, ಮೊದಲು ಒಂದು ಮಾತು ಹಾಕಿ: "ನೀರು ತೀರಿ ಹೋದಾಗ ಎಲ್ಲರ ಮನ್ಯಾಗೂ ಹಿಂಗ ಆಗ್ತದ, ನಿಮ್ಮಲ್ಲಿ..." ಆಗ ಜನ ಸ್ವಲ್ಪ ಸಡಿಲ ಆಗುತ್ತಾರೆ. ಕೆಲವರು ಕೈಯನ್ನು ಬೂದಿಯಲ್ಲಿ ತಿಕ್ಕಿ ಬಟ್ಟೆಗೆ ಒರೆಸಿಕೊಳ್ಳುವುದನ್ನು ಹೇಳುತ್ತಾರೆ. ನಾನು ಅದನ್ನು ನೀರಿನಲ್ಲಿ ತೊಳೆಯದೆ ಬಿಟ್ಟಿದ್ದು ಅಂತಲೇ ಲೆಕ್ಕಕ್ಕೆ ಹಿಡಿಯುತ್ತೇನೆ.

ಎಷ್ಟು ಸಲ ಅನ್ನೋದನ್ನು ಕ್ಯಾಲೆಂಡರ್ ನೋಡಿ ಎಣಿಸಿ

"ಎಷ್ಟು ಸಲ ಚಿಂತೆ ಆಯಿತು?" ಅಂದರೆ ನಮ್ಮ ಜನ ಎಣಿಸಿ ಹೇಳುವುದಿಲ್ಲ. "ಯಾವಾಗ್ಲೂ" ಅನ್ನುತ್ತಾರೆ ಇಲ್ಲ "ಇಲ್ಲ" ಅನ್ನುತ್ತಾರೆ. ಬಿಟ್ಟು ಬಿಟ್ಟು ನೀರು ಬರುವ ಊರಿನಲ್ಲಿ ಚಿಂತೆ ದಿನಾ ಇರುವುದಿಲ್ಲ, ಪಾಳಿಯ ಕೊನೆಗೆ ಬರುತ್ತದೆ. ಎಂಟು ದಿನಕ್ಕೊಮ್ಮೆ ನೀರು ಅಂದರೆ ನಾಲ್ಕು ವಾರದಲ್ಲಿ ಮೂರು ಇಲ್ಲ ನಾಲ್ಕು ಪಾಳಿ. ಪ್ರತಿ ಪಾಳಿಯ ಕೊನೆಯ ಎರಡು ದಿನ ಕೊಡದ ತಳ ಕಾಣುತ್ತಿದ್ದರೆ ಆರರಿಂದ ಎಂಟು ದಿನ ಆಯಿತು, ಅಂದರೆ ಅಂಕ 2. ಆಕೆ "ಯಾವಾಗ್ಲೂ" ಅಂದಳು ಅಂತ ನೀವು 3 ಬರೆದರೆ ತಪ್ಪಾಯಿತು. ನಾಲ್ಕು ಪ್ರಶ್ನೆಯ ಪಟ್ಟಿಯಲ್ಲಿ ಆ ಒಂದು ಅಂಕ ಏನು ಮಾಡುತ್ತದೆ ಅಂತ ಮೇಲೆ ನೋಡಿದಿರಲ್ವಾ.

ಅದಕ್ಕೆ ನಾನು ಕಲಿತ ಉಪಾಯ: ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಗ್ಯಾಸ್ ಹಚ್ಚಿದ ದಿನ, ಹಾಲಿನವನು ಬಾರದ ದಿನ, ನೀರು ಬಂದ ದಿನ ಎಲ್ಲಕ್ಕೂ ಪೆನ್ನಿನ ಗುರುತು ಇರುತ್ತದೆ. ಒಂದು ಮನೆಯಲ್ಲಿ ನೀರಿನ ತಾರೀಖಿಗೆಲ್ಲ ಸಣ್ಣ ಸೊನ್ನೆ ಹಾಕಿದ್ದರು, ನೀರು ಸಣ್ಣಗೆ ಬಂದ ದಿನಕ್ಕೆ ಅರ್ಧ ಸೊನ್ನೆ. ಯಾವ ಅಧಿಕಾರಿಯ ರಿಜಿಸ್ಟರಿಗಿಂತ ಅದು ಚೊಕ್ಕವಾಗಿತ್ತು. ಆ ಗುರುತುಗಳ ಮೇಲೆ ಬೆರಳಿಟ್ಟು, "ಇಲ್ಲಿ ಬಂತು, ಮತ್ತ ಇಲ್ಲಿ ಬಂತು, ನಡುವ ಯಾವತ್ತು ತೀರಿತು?" ಅಂತ ಕೇಳಿದರೆ ಸಲದ ಲೆಕ್ಕ ತಾನಾಗಿ ಬರುತ್ತದೆ.

ನಾಲ್ಕು ವಾರವೋ, ಒಂದು ವರ್ಷವೋ

ಎಚ್‌ವೈಸ್ ಕೇಳುವುದು ಹೋದ ನಾಲ್ಕು ವಾರ. ಏಪ್ರಿಲ್ ಕೊನೆಗೆ ಮುಂಡರಗಿಯಲ್ಲಿ ಕೇಳಿದರೆ ಒಂದು ಉತ್ತರ, ಆಗಸ್ಟ್‌ನಲ್ಲಿ ಅದೇ ಮನೆಯಲ್ಲಿ ಇನ್ನೊಂದು. ಎರಡೂ ಸತ್ಯ. ಎರಡು ಊರು ಹೋಲಿಸಬೇಕು ಅಂದರೆ ಒಂದೇ ತಿಂಗಳಲ್ಲಿ ಕೇಳಿ. ಕೆಲಸ ಆಗುವ ಮೊದಲು, ಆದ ಮೇಲೆ ಅಂತ ಹೋಲಿಸುವುದಾದರೆ ಮುಂದಿನ ವರ್ಷದ ಅದೇ ತಿಂಗಳು. ಮಾರ್ಚ್‌ನಲ್ಲಿ ಒಮ್ಮೆ, ಮಳೆಗಾಲದಲ್ಲಿ ಇನ್ನೊಮ್ಮೆ ಕೇಳಿ ತ್ರಾಸು ಇಳಿಯಿತು ಅಂತ ಬರೆದ ವರದಿಯನ್ನು ನಾನು ಓದಿದ್ದೇನೆ, ಇಳಿಸಿದ್ದು ಮಳೆ.

ಇದರ ತಮ್ಮನ ಹಾಗೆ ಇನ್ನೊಂದು ಪಟ್ಟಿ ಇದೆ, ಐವೈಸ್. ಇದೂ ಹನ್ನೆರಡು ಪ್ರಶ್ನೆಯೇ, ಆದರೆ ಮನೆಯನ್ನಲ್ಲ, ಒಬ್ಬೊಬ್ಬರನ್ನೇ ಕೇಳುತ್ತದೆ, ಹೋದ ಹನ್ನೆರಡು ತಿಂಗಳ ಬಗ್ಗೆ. ವರ್ಷಕ್ಕೊಮ್ಮೆ ಮಾತ್ರ ಹೋಗಲು ಸಾಧ್ಯ ಅನ್ನುವವರಿಗೆ, ಗಂಡಸರಿಗೆ ಎಷ್ಟು, ಹೆಂಗಸರಿಗೆ ಎಷ್ಟು ಅಂತ ಬೇರೆ ಮಾಡಿ ನೋಡಬೇಕು ಅನ್ನುವವರಿಗೆ ಇದು ಸರಿ. ವರ್ಷದ ನೆನಪು ನಾಲ್ಕು ವಾರದ ನೆನಪಿನಷ್ಟು ಗಟ್ಟಿ ಇರುವುದಿಲ್ಲ ಅನ್ನೋದು ಇದರ ಬೆಲೆ.

ಮನೆಯ ಪಟ್ಟಿಯಾದರೆ ಯಾರನ್ನು ಕೇಳುವುದು? ನೀರು ತುಂಬುವವರನ್ನು. ಮನೆಯ ಯಜಮಾನ ಯಾರು ಅಂತ ಕೇಳಿ ಶುರು ಮಾಡಬೇಡಿ, "ನೀರು ಯಾರು ತುಂಬ್ತೀರಿ?" ಅಂತ ಕೇಳಿ ಶುರು ಮಾಡಿ. ಬಹಳ ಮನೆಯಲ್ಲಿ ಅದು ತಾಯಿ ಇಲ್ಲ ಸೊಸೆ. ಕೆಲವು ಮನೆಯಲ್ಲಿ ಬೈಕಿಗೆ ಎರಡು ಕ್ಯಾನ್ ಕಟ್ಟಿಕೊಂಡು ಶುದ್ಧ ನೀರಿನ ಘಟಕಕ್ಕೆ ಹೋಗುವ ಕಾಲೇಜಿನ ಹುಡುಗ. ಆಗ ಇಬ್ಬರನ್ನೂ ಕೂಡಿಸಿಕೊಂಡು ಕೇಳುವುದು ವಾಸಿ.

ಈ ಯಾವ ಪ್ರಶ್ನೆಗೂ ಸಿಗದ ಒಂದು

ಫ್ಲೋರೈಡ್. ಗದಗ ಜಿಲ್ಲೆಯ ಮುಂಡರಗಿ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ತೊಂದರೆ ಇರುವುದು ಹಳೇ ಮಾತು. ಬೋರು ಜೋರಾಗಿ ಹೊಡೆಯುತ್ತಿದೆ, ಮನೆ ಬಾಗಿಲಿಗೇ ನೀರು ಇದೆ, ಚಿಂತೆ ಇಲ್ಲ, ಬಾಯಾರಿಕೆ ಇಲ್ಲ. ಹನ್ನೆರಡಕ್ಕೂ 0. ಮಕ್ಕಳ ಹಲ್ಲು ಮಾತ್ರ ಕಂದು ಬಣ್ಣಕ್ಕೆ ತಿರುಗುತ್ತಿರುತ್ತದೆ. ಫ್ಲೋರೈಡ್‌ಗೆ ರುಚಿ ಇಲ್ಲ, ವಾಸನೆ ಇಲ್ಲ, ಜನರನ್ನು ಕೇಳಿ ತಿಳಿಯುವ ವಿಷಯವೇ ಅಲ್ಲ ಅದು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಪರೀಕ್ಷೆಯ ಕಿಟ್ ಹಳ್ಳಿಗಳಿಗೆ ಬಂದಿವೆ, ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐದು ಹೆಂಗಸರಿಗೆ ಅದನ್ನು ಬಳಸಲು ಕಲಿಸಬೇಕು ಅಂತಿದೆ. ಗದಗ ಜಿಲ್ಲೆಯ ಹಳ್ಳಿಗಳಲ್ಲಿ ಸರ್ವೆ ಮಾಡುವವರು ಫಾರ್ಮಿನ ಜೊತೆ ಆ ಕಿಟ್ ಒಯ್ಯದೆ ಹೋಗಲೇಬಾರದು ಅಂತ ನಾನು ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಆ ಮೂವರಿಗೆ ನಾನು ಹೇಳಿದ್ದು

ಧಾರವಾಡದ ಹುಡುಗಿಗೆ ಹನ್ನೆರಡನ್ನೇ ಕೇಳು ಅಂದೆ. ಇನ್ನೂರು ಮನೆ ಇದೆ, ಸಮಯ ಇದೆ, ಯಾವ ಥರದ ತ್ರಾಸು ಅಂತ ಬಿಡಿಸಿ ನೋಡುವ ಅವಕಾಶ ಇದೆ. ಜೊತೆಗೆ ನೀರಿನ ಮೂಲ, ಹೋದ ಸಲ ನೀರು ಬಂದ ದಿನ, ಮನೆಯಲ್ಲಿರುವ ಬ್ಯಾರೆಲ್ ಟಾಕಿಗಳ ಲೆಕ್ಕ. ಮನೆ ಆರಿಸುವಾಗ ವಾರ್ಡ್ ನಕ್ಷೆ ನೋಡಬೇಡ, ವಾಲ್ವ್ ತಿರುಗಿಸುವ ಅಣ್ಣನ ಜೊತೆ ಒಂದು ದಿನ ಸುತ್ತು ಅಂದೆ. ಯಾವ ವಾಲ್ವಿಗೆ ಎಷ್ಟು ಓಣಿ, ಪೈಪಿನ ಕಡೇ ಮನೆ ಯಾವುದು, ದಿನ್ನೆಯ ಮೇಲಿನದು ಯಾವುದು ಅಂತ ಅವರಿಗೆ ಬಾಯಿಪಾಠ ಇರುತ್ತದೆ. ಪ್ರತಿ ವಾಲ್ವಿನಿಂದ ಇಷ್ಟಿಷ್ಟು ಮನೆ ಅಂತ ಚೀಟಿ ಎತ್ತಿ ಆರಿಸಿದರೆ ಕಡೇ ಮನೆಗಳು ತಪ್ಪಿಹೋಗುವುದಿಲ್ಲ. ಅಂಕಿ ಬರೆಯುವಾಗ ಜಂಬ ಬೇಡ ಅಂತಲೂ ಹೇಳಿದೆ, ನೂರು ಮನೆ ಕೇಳಿ 40% ಅಂತ ಬಂದರೆ ಅದು 30 ಇರಬಹುದು, 50 ಇರಬಹುದು.

ಬೆಟಗೇರಿಯ ಸಂಘದವರಿಗೆ ನಾಲ್ಕು ಸಾಕು. ಅವರ ಹತ್ತಿರ ಸಂಜೆ ಒಂದು ತಾಸು ಬಿಟ್ಟರೆ ಸಮಯ ಇಲ್ಲ, ಓಣಿಯಲ್ಲಿ ಇರುವುದೇ ಅರವತ್ತು ಮನೆ. ಆರಿಸುವುದು ಗೀರಿಸುವುದು ಬೇಡ, ಅರವತ್ತೂ ಕೇಳಿ ಅಂದೆ. ಪ್ರಶ್ನೆಯ ಮಾತನ್ನು ತಮ್ಮ ಬಾಯಿಗೆ ಹೊಂದಿಸಿಕೊಳ್ಳಬಹುದು, ಅರ್ಥ ಮತ್ತು ಅಂಕ ಮುಟ್ಟಬಾರದು. ತಮಗೆ ಬೇಕಾದ ಪ್ರಶ್ನೆ ಇನ್ನೆರಡು ಸೇರಿಸಲಿ, ಆದರೆ ಅದನ್ನು ನಾಲ್ಕರ ಮೊತ್ತಕ್ಕೆ ಕೂಡಿಸಬಾರದು. ಕೂಡಿಸಿದರೆ 4 ಅನ್ನುವ ಗೆರೆಗೆ ಅರ್ಥವೇ ಉಳಿಯುವುದಿಲ್ಲ, ನಾಳೆ ಯಾರಾದರೂ ಎದ್ದು ನಿಂತು ಇದು ಯಾವ ಲೆಕ್ಕ ಅಂದರೆ ಉತ್ತರ ಇರುವುದಿಲ್ಲ. ಅವರು ಸೇರಿಸಿದ್ದು ಇವನ್ನು: ಹೋದ ತಿಂಗಳು ಟ್ಯಾಂಕರಿಗೆ, ಕ್ಯಾನಿಗೆ ಎಷ್ಟು ರೊಕ್ಕ ಹೋಯಿತು, ನೀರಿಗಾಗಿ ಎಷ್ಟು ದಿನದ ಕೂಲಿ ತಪ್ಪಿತು. ಆ ಎರಡನ್ನೂ ಬೇರೆ ಸಾಲಿನಲ್ಲಿ ಬರೆದಿದ್ದಾರೆ.

ಹಾವೇರಿಯ ಸದಸ್ಯರಿಗೆ ಮಾತ್ರ ಈ ಅನುಭವದ ಪ್ರಶ್ನೆಗಳನ್ನು ಮುಟ್ಟಲೇಬೇಡಿ ಅಂದೆ. ಅವರಿಗೆ ಅಚ್ಚರಿಯಾಯಿತು, ಇಷ್ಟು ಹೊತ್ತು ಅದನ್ನೇ ಹೊಗಳಿದಿರಲ್ಲ ಅಂದರು. ಟ್ಯಾಂಕರ್ ಯಾರಿಗೆ ಅನ್ನೋದು ಉತ್ತರದ ಮೇಲೆ ನಿಂತಿದೆ ಅಂತ ಗೊತ್ತಾದ ಮೇಲೆ ಚಿಂತೆ ಎಷ್ಟು ಸಲ ಆಯಿತು ಅಂದರೆ ಯಾರು ಕಡಿಮೆ ಹೇಳುತ್ತಾರೆ? ಅದು ಜನರ ತಪ್ಪಲ್ಲ, ಮನೆಯಲ್ಲಿ ಕೂಸಿದ್ದರೆ ನಾನೂ ಜಾಸ್ತಿಯೇ ಹೇಳುತ್ತೇನೆ. ಬಾಯಿ ಬಿಟ್ಟು ಹೇಳಿಕೊಳ್ಳಲು ಬಾರದ ಮನೆಗಳು ಅಂಥ ಹೊತ್ತಲ್ಲಿ ಹಿಂದೆ ಬೀಳುತ್ತವೆ. ಅಲ್ಲಿ ಬೇಕಿರುವುದು ಕಣ್ಣಿಗೆ ಕಾಣುವ ಲೆಕ್ಕ: ಆ ಕೇರಿಗೆ ನೀರು ಬಂದು ಎಷ್ಟು ದಿನವಾಯಿತು, ಮನೆಗೆ ಎಷ್ಟು ಜನ, ಎಷ್ಟು ಬ್ಯಾರೆಲ್, ಹತ್ತಿರದ ಬೋರು ನಡೆಯುತ್ತಿದೆಯಾ. ಕೇರಿಯ ನಾಲ್ಕು ಜನರ ಎದುರಿಗೇ ಎಣಿಸಿ, ಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಹಚ್ಚಿ ಅಂದೆ. ಅವರು ಹಾಗೇ ಮಾಡಿದರು. ಮೊದಲ ಟ್ಯಾಂಕರ್ ಹೋಗಿದ್ದು ದಿನಾ ಫೋನ್ ಮಾಡಿ ಜಗಳ ಆಡುತ್ತಿದ್ದ ಕೇರಿಗಲ್ಲ, ಊರಿನ ಕಡೇ ತುದಿಯಲ್ಲಿ ಮನೆಗೆ ಒಂದೊಂದೇ ಬ್ಯಾರೆಲ್ ಇದ್ದ ಒಂಬತ್ತು ಮನೆಗಳಿಗೆ.